ಒಂಬತ್ತು ಮೊಳದ ಕೋಲು

ಆ ವರ್ಷದ ಮಳೆಗಾಲದಲ್ಲಿ ಗೋಡೆ ಒಂದು ಗೇಣು ಬೆಳೆಯಿತು. ಬೇರೆ ವರ್ಷಗಳಲ್ಲಿ ಎರಡು ಬೆರಳು ಬೆಳೆದರೆ ಹೆಚ್ಚು. ಅಳೆದು ನೋಡಿದವರು ಯಾರೂ ಇಲ್ಲ. ಹೋದ ವರ್ಷ ಸೆರಗೂ ತಾಗದಂತೆ ದಾಟಿದ ಹೆಂಗಸರು ಈ ವರ್ಷ ಮೊಣಕಾಲು ತರಚಿಕೊಂಡು ಬಂದರು. ಹೋದ ವರ್ಷ ಮೊಣಕಾಲು ತರಚಿಕೊಂಡವರು ಗೋಡೆಗೆ ಎದೆ ಬಡಿದುಕೊಂಡು ಹೊರಟ ಕಡೆಗೇ ಬಿದ್ದರು. ಹಾಗೆ ಊರಿಗೆ ಗೊತ್ತಾಯಿತು.

ಗೋಡೆ ನಮ್ಮೂರಿನ ನಟ್ಟನಡುವೆ ಇದೆ. ಈಚೆ ನಾವು ಮೂಡಲಕೇರಿಯವರು, ಆಚೆ ಪಡುವಲಕೇರಿಯವರು. ಏಣಿ ಒರಗಿಸಿದರೆ ನಿಲ್ಲುವುದಿಲ್ಲ, ಕನ್ನ ಕೊರೆದರೆ ಕೂಡಿಕೊಳ್ಳುತ್ತದೆ, ಎರಡೂ ತುದಿ ಎಲ್ಲಿ ಮುಗಿಯುತ್ತವೆಂದು ನೋಡಲು ಹೋದವರು ದಣಿದು ಹಿಂದೆ ಬಂದಿದ್ದಾರೆ; ಇವೆಲ್ಲ ನಮ್ಮ ಮುತ್ತಜ್ಜಂದಿರ ಕಾಲಕ್ಕೇ ಮುಗಿದ ಮಾತುಗಳು. ಆಚೆ ಕೆಲಸವಿದ್ದವರು ಬಿದಿರಿನ ಕೋಲು ಹಿಡಿದು ಓಡುತ್ತಾರೆ, ಗೋಡೆಯ ಬುಡದ ಗುಳಿಯಲ್ಲಿ ಊರುತ್ತಾರೆ, ಹಾರುತ್ತಾರೆ. ಆಚೆ ಬೀಳಲು ಹುಲ್ಲಿನ ಮೆತ್ತೆ ಇರುತ್ತದೆ. ಕೋಲು ಹೊರಟ ಕಡೆಗೇ ಮರಳಿ ಬೀಳುವುದರಿಂದ ಹಾರುವವರು ಎರಡೂ ಕಡೆಗೆ ಒಂದೊಂದು ಕೋಲು ಇಟ್ಟುಕೊಂಡಿರುತ್ತಾರೆ. ಬೇಕಾದಾಗ ಗೋಡೆಯ ಮೇಲಿಂದ ಒಗೆದೂ ಕಳಿಸುತ್ತಾರೆ. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ಹುಡುಗಿ ಎಷ್ಟು ಮೊಳದ ಕೋಲಿಗೆ ಬಂದಿದ್ದಾಳೆ ಎಂದು. ಗೋಡೆ ಬೆಳೆದ ಹಾಗೆ ಕೋಲು ಉದ್ದ ಮಾಡಿಕೊಳ್ಳುವವರು ಮಾಡಿಕೊಳ್ಳುತ್ತಾರೆ. ಇನ್ನು ಆಗದು ಅನ್ನಿಸಿದ ದಿನ, ಯಾವ ಕೇರಿ ತನ್ನದೆಂದು ಗೊತ್ತುಮಾಡಿಕೊಂಡು, ಕೋಲು ಇಳಿಸುತ್ತಾರೆ. ಅವತ್ತು ನೆರೆಹೊರೆಯವರು ಬೆಲ್ಲ ಕೊಬ್ಬರಿ ತಂದುಕೊಟ್ಟು ಸ್ವಲ್ಪ ಹೊತ್ತು ಕೂತು ಮಾತಾಡಿ ಹೋಗುತ್ತಾರೆ. ನಾನು ಇಳಿಸಿದ್ದು ಮೂವತ್ತು ತುಂಬುವ ಮೊದಲೇ. ಬಂದ ಕೊಬ್ಬರಿ ಬಹಳ ದಿನ ಮನೆಯಲ್ಲಿತ್ತು.

ಹೇಳಹೊರಟಿದ್ದು ನನ್ನ ಪಕ್ಕದ ಮನೆಯ ಮಾಳವ್ವನ ಸಂಗತಿ. ಪಡುವಲಕೇರಿಯಲ್ಲಿ ನಡೆದದ್ದನ್ನು ಆಮೇಲೆ ಅವಳ ಬಾಯಿಂದಲೇ ಕೇಳಿದ್ದೇನೆ. ಕೆಲವನ್ನು ಗೋಡೆಗೆ ಕಿವಿಯಿಟ್ಟು ನಾನೇ ಕೇಳಿದ್ದೇನೆ.

ಮಾಳವ್ವನಿಗೆ ಆಗ ನಲವತ್ತು ದಾಟಿತ್ತು. ಗಂಡ ಯಮನಪ್ಪ ನೂಲಿಗೆ ನೀಲಿ ಹಾಕುವವನು. ನೀಲಿಯ ಬಾನಿಗಳನ್ನು ನೆಲದಲ್ಲಿ ಹುಗಿದಿರುತ್ತಾರೆ, ದಿನಾ ಕಲಕದಿದ್ದರೆ ಬಣ್ಣ ಸತ್ತುಹೋಗುತ್ತದೆ. ಹಾಗಾಗಿ ಅವನು ಮೂಡಲಕೇರಿ ಬಿಟ್ಟು ಕದಲುವವನಲ್ಲ. ಮೊಣಕಾಲಿನ ಚಿಪ್ಪು ಸರಿದ ಮೇಲೆ ಕೋಲನ್ನೂ ಇಳಿಸಿದ್ದ. ಮೊಣಕೈವರೆಗೆ ನೀಲಿಯಾದ ಅವನ ಕೈಗಳು ಹಬ್ಬದ ದಿನವೂ ಬೆಳ್ಳಗಾಗುತ್ತಿರಲಿಲ್ಲ. ಮಾತು ಕಡಿಮೆ. ಒಬ್ಬಳೇ ಮಗಳು ನೀಲವ್ವನನ್ನು ಪಡುವಲಕೇರಿಯ ಕಲ್ಲೇಶಿಗೆ ಕೊಟ್ಟಿದ್ದರು. ಕೊಡುವಾಗ ಹುಡುಗಿ ಚೆನ್ನಾಗಿ ಹಾರುತ್ತಿದ್ದಳು. ಅವಳ ಓಟ ನೋಡಲೆಂದೇ ಕೆಲವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಮದುವೆಯಾದ ಮರುವರ್ಷ ತವರಿಗೆಂದು ಹೊರಟಾಗ ಕೋಲು ಗೋಡೆಯ ನೆತ್ತಿಗೆ ಬಂದು ನೆಟ್ಟಗೆ ನಿಂತುಬಿಟ್ಟಿತು, ಆಚೆಗೂ ವಾಲಲಿಲ್ಲ, ಈಚೆಗೂ ವಾಲಲಿಲ್ಲ. ಅವಳು ಅಷ್ಟೆತ್ತರದಿಂದ ಬೆನ್ನಡಿಯಾಗಿ ಬಿದ್ದಳು. ಎಲುಬು ಮುರಿಯಲಿಲ್ಲ. ಆದರೆ ಅಲ್ಲಿಂದ ಮುಂದೆ ಕೋಲು ಮುಟ್ಟಲಿಲ್ಲ. ಇಳಿಸಿದೆನೆಂದು ಬಾಯಿಬಿಟ್ಟು ಹೇಳಲೂ ಇಲ್ಲ. ಬೆಲ್ಲ ಕೊಬ್ಬರಿ ತಂದವರನ್ನು ಬಾಗಿಲಿಂದಲೇ ಕಳಿಸಿದಳು. ಆಮೇಲೆ ಮಾಳವ್ವನೇ ಏಳು ಮೊಳದ ಕೋಲು ಹಿಡಿದು ವಾರಕ್ಕೊಮ್ಮೆ ಮಗಳ ಮನೆಗೆ ಹೋಗಿ ಬಂದು ಮಾಡುತ್ತಿದ್ದಳು.

ಗೋಡೆ ಗೇಣು ಬೆಳೆದ ವರ್ಷ ನೀಲವ್ವ ಚೊಚ್ಚಲ ಬಸುರಿ. ಬಸುರಿ ಹಾರುವಂತಿಲ್ಲ, ಆದ್ದರಿಂದ ಗೋಡೆಯಾಚೆ ಕೊಟ್ಟ ಹೆಣ್ಣುಮಕ್ಕಳ ಬಾಣಂತನಕ್ಕೆ ತಾಯಿಯೇ ಹೋಗುವುದು ನಮ್ಮಲ್ಲಿ ವಾಡಿಕೆ. ಮಳೆ ನಿಂತು ನೆಲ ಒಣಗಿದ ಕೂಡಲೇ ಮಾಳವ್ವ ತನ್ನ ಏಳು ಮೊಳದ ಕೋಲು ಹಿಡಿದು ಓಡಿದಳು. ಗೋಡೆಗೆ ಎದೆ ಬಡಿದು ಹಿಂದಕ್ಕೆ ಬಿದ್ದಳು. ಎದ್ದು ಸೀರೆ ಕೊಡವಿಕೊಂಡು ಮತ್ತೆ ಓಡಿದಳು, ಮತ್ತೆ ಬಿದ್ದಳು. ಆಮೇಲೆ ಕೋಲನ್ನು ಅಲ್ಲೇ ನೆಲಕ್ಕೆ ಹಾಕಿ, ನೇರ ಇಮಾಮಸಾಬನ ಮನೆಗೆ ಹೋದಳು.

ಇಮಾಮಸಾಬ ಕೇರಿಯ ಕೊನೆಗೆ ಬಿದಿರುಮೆಳೆಯ ಪಕ್ಕ ಇರುತ್ತಾನೆ. ಬಿದಿರು ಕಡಿದು, ಬೆಂಕಿಗೆ ಕಾಸಿ ಸೊಟ್ಟ ತೆಗೆದು, ಕೋಲು ಮಾಡಿಕೊಡುವವನು ಅವನು. ಹಾರುವುದನ್ನು ಕಲಿಸುವವನೂ ಅವನೇ.

"ಎಂಟು ಮೊಳದ್ದು ಬೇಕು," ಅಂದಳು ಮಾಳವ್ವ.

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಹರೇದ ಹುಡುಗ್ರು ಏಳರಾಗ ನಿಂತಾರ. ನೀ ಎಂಟು ಹಿಡದು ಏನ್ ಮಾಡ್ತಿ?"

"ಮಗಳ ಬಾಣಂತನ ಮಾಡ್ತೇನಿ."

"ಕೋಲು ಕೊಡಾಕ ನಂದೇನ್ ಹೋಗೂದೈತಿ. ಆದ್ರ ಕೋಲು ಉದ್ದ ಆದ್ರ ಓಟನೂ ಉದ್ದ ಆಗಬೇಕು. ಅದನ್ನ ನಾ ಕಡದು ಕೊಡಾಕ ಬರೂದಿಲ್ಲ."

"ನೀ ಹೇಳಿದಷ್ಟು ಓಡ್ತೇನಿ."

ಹಾಗೆ ಶುರುವಾಯಿತು. ಹೊಸ ಕೋಲನ್ನು ಹಳೆಯ ಜಾಗದಲ್ಲೇ ಹಿಡಿಯಬೇಕೆಂದ ಇಮಾಮಸಾಬ. ಅಂದರೆ ಹಿಡಿಯ ಮೇಲೆ ಒಂದು ಮೊಳ ಬಿದಿರು ಸುಮ್ಮನೆ ನಿಂತಿರುತ್ತದೆ, ಯಾವ ಉಪಯೋಗಕ್ಕೂ ಇಲ್ಲ. ಇದೇನು ಆಟ ಅಂದಳು ಮಾಳವ್ವ. ಉದ್ದನೆ ಕೋಲು ಮೊದಲು ಮೈಗೆ ಒಗ್ಗಲಿ, ಆಮೇಲೆ ಹಿಡಿ ಒಂದೊಂದೇ ಮುಷ್ಟಿ ಮೇಲೆ ಹೋಗಲಿ ಅಂದ ಅವನು. ಅವಸರಕ್ಕೆ ತುದಿ ಹಿಡಿದವರ ಕೋಲು ನೆಟ್ಟಗಾಗುವುದೇ ಇಲ್ಲ, ಅರ್ಧಕ್ಕೆ ನಿಂತು ಬಂದ ದಾರಿಗೆ ಎಸೆಯುತ್ತದೆ.

ಬೆಳಿಗ್ಗೆ ನಾನು ಅಂಗಳ ಗುಡಿಸುವಾಗ ಅವಳು ಓಡುವುದು ಕಾಣಿಸುತ್ತಿತ್ತು. ಉದ್ದನೆ ಕೋಲಿನ ಮುಂದಿನ ತುದಿ ಅವಳ ಮಾತು ಕೇಳದೆ ಮೇಲೆ ಕೆಳಗೆ ಆಡುತ್ತಿತ್ತು. ಗೋಡೆ ಹತ್ತಿರ ಬಂದಂತೆ ಕಾಲು ನಿಧಾನವಾಗುತ್ತಿದ್ದವು. ಊರಬೇಕಾದ ಕಡೆ ಊರದೆ, ಕೋಲನ್ನು ಕೆಳಗೆ ಹಾಕಿ, ಗೋಡೆಗೆ ಅಂಗೈ ಕೊಟ್ಟು ನಿಂತುಬಿಡುತ್ತಿದ್ದಳು. ದಿನಗಟ್ಟಲೆ ಬರೀ ಇದೇ ಆಯಿತು. ಹುಡುಗರು ನೋಡಿ ನೋಡಿ ಬೇಸತ್ತು ಬರುವುದನ್ನು ಬಿಟ್ಟರು.

"ಕಾಲು ಅಂಜತಾವು," ಅಂದಳು ಒಮ್ಮೆ.

"ಕಾಲಿಗೇನ್ ಗೊತ್ತು ಪಾಪ," ಅಂದ ಇಮಾಮಸಾಬ. "ಅಂಜಿಕಿ ಕೈಯಾಗ ಐತಿ. ಕೈ ತಡಾ ಮಾಡಿ ಎತ್ತತಿ, ಅದಕ್ಕ ಕಾಲು ದಾರಿ ನೋಡ್ತಾವು. ಕೈ ಲಗೂ ತಲಿ ಮ್ಯಾಲ ಹೋಗಲಿ. ಕಾಲು ತಾವ ಬರ್ತಾವು."

ಕೈ ಬೇಗ ಎತ್ತುವುದನ್ನು ಅವಳು ಹಿಟ್ಟು ನಾದುವಾಗಲೂ ನೂಲು ಹಿಂಡುವಾಗಲೂ ನೆನೆಸಿಕೊಂಡು ಮಾಡುತ್ತಿದ್ದಳು. ಯಮನಪ್ಪ ಬಾನಿಯ ಪಕ್ಕ ಕೂತು ನೋಡುತ್ತಿದ್ದ. ಒಂದು ದಿನ ಕಲಕುವುದನ್ನು ನಿಲ್ಲಿಸಿ, "ಹೋಗೂದು ಹೋಗತಿ. ಬರೂದು ಹೆಂಗ?" ಅಂದ.

ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಪಡುವಲಕೇರಿಯಲ್ಲಿ ನೆಲ ಗೋಡೆಯ ಕಡೆಗೆ ಏರು. ಏರಿನಲ್ಲಿ ಓಡಿ ಹಾರುವುದು ಎಂದರೆ ಒಂದು ಮೊಳ ಹೆಚ್ಚಿನ ಗೋಡೆ ಹಾರಿದ ಹಾಗೆ. ಹೋದವರು ಅಲ್ಲೇ ಉಳಿದ ಮನೆಗಳು ನಮ್ಮ ಕೇರಿಯಲ್ಲಿ ಬೇಕಾದಷ್ಟಿವೆ.

"ಹೆಂಗರ ಬರ್ತೇನಿ," ಅಂದಳು ಅವಳು.

"ನೀ ಅಲ್ಲೇ ಇದ್ರೂ ನಾ ಏನೂ ಅನ್ನೂದಿಲ್ಲ," ಅಂದು ಅವನು ಮತ್ತೆ ಕಲಕತೊಡಗಿದ.

ಅವತ್ತು ಸಂಜೆ ಮಾಳವ್ವ ನನ್ನ ಮನೆಗೆ ಬಂದು ಬಹಳ ಹೊತ್ತು ಕೂತಳು. "ಏನೂ ಅನ್ನೂದಿಲ್ಲ ಅಂದ ನೋಡು," ಅಂದಳು. ಮತ್ತೆ ಏನನ್ನಬೇಕಿತ್ತು ಅಂದೆ. "ಬಾ ಅನ್ನಬೇಕಿತ್ತು. ಎರಡು ಮಾತಲ್ಲ, ಒಂದ ಅಕ್ಷರ." ಒಳ್ಳೆಯ ಮನಸ್ಸಿನಿಂದಲೇ ಅಂದಿರುತ್ತಾನೆ ಅಂದೆ. ಅದೂ ಅವಳಿಗೆ ಗೊತ್ತಿತ್ತು. ಅದಕ್ಕೇ ಹೆಚ್ಚು ನೋವಾಗಿರಬೇಕು.

ಕಡಲೆ ಹೂ ಬಿಡುವ ಹೊತ್ತಿಗೆ ಅವಳ ಹಿಡಿ ಮುಷ್ಟಿ ಮುಷ್ಟಿಯಾಗಿ ಮೇಲೇರಿ ಹೊಸ ಕೋಲಿನ ತುದಿಗೆ ಬಂತು. ಒಂದು ಬೆಳಿಗ್ಗೆ, ಯಾರೂ ಕೇಳದಿದ್ದರೂ, ನಾ ಇವತ್ತು ಹೋಗುವಾಕಿ ಅಂದಳು. ಸೀರೆಯನ್ನು ಕಚ್ಚೆ ಹಾಕಿ, ಬಾಣಂತಿಗೆ ಬೇಕಾದ ಅಳವಿ, ಅಂಟು, ಒಣಶುಂಠಿಯ ಗಂಟನ್ನು ಮೊದಲು ಆಚೆಗೆ ಒಗೆದಳು. ಓಡಿದಳು. ಕೈ ಬೇಗ ಮೇಲೆ ಹೋಯಿತು. ಕೋಲು ನೆಟ್ಟಗಾಗಿ ಆಚೆಗೆ ವಾಲಿತು. ಅವಳ ಹಿಮ್ಮಡಿ ಗೋಡೆಯನ್ನು ತಾಗಿತೋ ಇಲ್ಲವೋ, ಅವಳು ಕಾಣಿಸಲಿಲ್ಲ. ಈಚೆ ಬಿದ್ದ ಕೋಲನ್ನು ಇಮಾಮಸಾಬ ಎತ್ತಿ, ಬಿರುಕು ಬಿಟ್ಟಿದೆಯೇ ಎಂದು ಬೆರಳಾಡಿಸಿ ನೋಡಿ, ಅವಳ ಹಿಂದೆಯೇ ಆಚೆಗೆ ಒಗೆದ. ಯಮನಪ್ಪ ಬಾನಿ ಬಿಟ್ಟು ಬಂದಿದ್ದ. ಅವಳು ಹೋದ ಮೇಲೂ ಗೋಡೆಯ ನೆತ್ತಿ ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದ.

ನೀಲವ್ವನಿಗೆ ಹೆಣ್ಣು ಕೂಸು ಹುಟ್ಟಿತು. ಸುದ್ದಿಯನ್ನು ಕಲ್ಲೇಶಿ ಗೋಡೆಯ ಆಚೆಯಿಂದ ಕೂಗಿ ಹೇಳಿದ, ಸಕ್ಕರೆಯ ಪೊಟ್ಟಣ ಒಗೆದ. ಮಾಳವ್ವ ಕೂಸಿಗೆ ಎರೆಯುವುದು, ಮಗಳಿಗೆ ಕಾಸಿಕೊಳ್ಳಲು ಕೆಂಡ ಮಾಡುವುದು, ಖಾರ ಕುಟ್ಟುವುದು ಇವುಗಳಲ್ಲಿ ಮುಳುಗಿದಳು. ಬಾಣಂತಿಯ ಜೊತೆ ಅವಳೂ ತುಪ್ಪ ಉಂಡಳು. ಓಟ ಬಿಟ್ಟ ಮೈ ಸ್ವಲ್ಪ ಭಾರವಾಯಿತು. ಪ್ರತಿದಿನ ಸಂಜೆ ಯಮನಪ್ಪ ಗೋಡೆಯ ಈಚೆಗೆ ಬಂದು ನಿಲ್ಲುತ್ತಿದ್ದ.

"ಉಂಡಿ?"

"ಉಂಡೆ. ನೀ?"

"ಉಂಡೆ."

ಆಮೇಲೆ ಇಬ್ಬರೂ ಗೋಡೆಗೆ ಕೈಕೊಟ್ಟು ನಿಂತಿರುತ್ತಿದ್ದರು. ಹೋಗತೇನಿ ಅಂತ ಯಾರಾದರೊಬ್ಬರು ಅನ್ನುವವರೆಗೆ.

ಇನ್ನೇನು ಅವಳು ಹಿಂದಿರುಗುವ ಮಾತಾಡುತ್ತಿದ್ದಾಗ ಚಳಿಗಾಲದ ನಡುವೆ ಮಳೆ ಹಿಡಿಯಿತು. ಹಾಗೆ ಹಿಂದೆ ಆದದ್ದಿಲ್ಲ. ಮಳೆ ಬಿಟ್ಟಾಗ ಗೋಡೆ ಮತ್ತೆ ನಾಲ್ಕು ಬೆರಳು ಎದ್ದಿತ್ತು. ಎಂಟು ಮೊಳದ ಕೋಲಿಗೆ ಆ ಏರಿನಲ್ಲಿ ಅದು ದಾಟುವ ಮಾತೇ ಅಲ್ಲವೆಂದು ಎರಡೂ ಕೇರಿಯವರಿಗೆ ಗೊತ್ತಿತ್ತು. ಕಲ್ಲೇಶಿ ಒಳ್ಳೆಯವನು. ಪಡಸಾಲೆಯ ಪಕ್ಕದ ಕೋಣೆಯಲ್ಲಿದ್ದ ಕಾಳಿನ ಚೀಲ ತೆಗೆದು, ಸುಣ್ಣ ಬಳಿದು, "ಅತ್ತಿ, ಇದು ನಿಮ್ದ," ಅಂದ. ನೆರೆಯ ಹೆಂಗಸೊಬ್ಬಳು ಬೆಲ್ಲ ಕೊಬ್ಬರಿ ಯಾವತ್ತು ತರಲಿ ಎಂದು ಮಾತಿನ ನಡುವೆ ಕೇಳಿ ನೋಡಿದಳು.

ಯಮನಪ್ಪ ಎರಡು ಸಂಜೆ ಗೋಡೆಯ ಹತ್ತಿರ ಬರಲಿಲ್ಲ. ಮೂರನೆಯ ಸಂಜೆ ಗೋಡೆಯ ಮೇಲಿಂದ ಒಂದು ಕೋಲು ಬಂದು ಪಡುವಲಕೇರಿಯ ನೆಲಕ್ಕೆ ಬಿತ್ತು. ಬೆಂಕಿಗೆ ಕಾಸಿ ಕಪ್ಪಾದ ಗಂಟುಗಳ ಮೇಲೆ ಇನ್ನೂ ಹೊಗೆಯ ವಾಸನೆಯಿತ್ತು. ಮಾಳವ್ವ ಮೊಳ ಹಾಕಿ ನೋಡಿದಳು. ಒಂಬತ್ತು.

"ಇಮಾಮಸಾಬಗ ಹೇಳಿ ಕಡಿಸೇನಿ," ಅಂದ ಗೋಡೆಯ ಈಚೆಯಿಂದ ಯಮನಪ್ಪ. ಸ್ವಲ್ಪ ತಡೆದು, "ಬಾ," ಅಂದ.

ಮಾಳವ್ವ ಮರುದಿನದಿಂದಲೇ ಓಡತೊಡಗಿದಳು. ಒಂಬತ್ತು ಮೊಳದ ಕೋಲಿಗೆ ಬಂದ ಹೆಂಗಸು ನಮ್ಮೂರಲ್ಲಿ ಅದುವರೆಗೆ ಇರಲಿಲ್ಲ, ಗಂಡಸರಲ್ಲೂ ಬೆರಳೆಣಿಕೆ. ಕಲಿಸುವವನು ಗೋಡೆಯ ಈಚೆ, ಕಲಿಯುವವಳು ಆಚೆ. ಆದರೂ ಇಮಾಮಸಾಬ ಸಂಜೆಯ ಹೊತ್ತು ಬಂದು ಗೋಡೆಗೆ ಕಿವಿ ಆನಿಸಿ ಕೂರುತ್ತಿದ್ದ. ಜೊತೆಗೆ ನಾನೂ, ಯಮನಪ್ಪನೂ. ಮೊದಮೊದಲು ನಮಗೆ ಧಬಧಬ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಅವನಿಗೆ ಕೇಳುತ್ತಿತ್ತು.

"ಕೊನೇ ಮೂರು ಹೆಜ್ಜಿ ಗಿಡ್ಡ ಮಾಡಾಕತ್ತಿ," ಅನ್ನುತ್ತಿದ್ದ. "ಏರಿನ್ಯಾಗ ಗಿಡ್ಡ ಮಾಡಿದ್ರ ಓಟ ಸಾಯ್ತೈತಿ."

ಸ್ವಲ್ಪ ದಿನ ಕೋಲು ಬಿಟ್ಟು ಬರೀ ಓಡಿಸಿದ. ಮೈ ಹಗುರಾಯಿತು. ಹಿಡಿಯನ್ನು ಮತ್ತೆ ಹಳೆಯ ಜಾಗದಿಂದ ಶುರುಮಾಡಿ ಮುಷ್ಟಿ ಮುಷ್ಟಿಯಾಗಿ ಏರಿಸಿದ. ಬಿಸಿಲು ಜೋರಾಗುವ ಹೊತ್ತಿಗೆ ಹಿಡಿ ಬೇಕಾದಲ್ಲಿಗೆ ಬಂತು. ಓಟ ಸರಿಯಿದೆ, ಕೈ ಸರಿಯಿದೆ ಅಂದ. ಆದರೆ ಪ್ರತಿಸಲ ಕೋಲು ಅರ್ಧಕ್ಕೆ ನಿಂತು ಅವಳನ್ನು ಹಿಂದಕ್ಕೆ ಹಾಕುತ್ತಿತ್ತು. ಹಿಡಿ ಒಂದು ಮುಷ್ಟಿ ಇಳಿಸು ಅಂದ, ಇಳಿಸಿದರೂ ಅದೇ. ಅವಳ ಭುಜ ಬಾತುಕೊಂಡಿತು. ಒಂದು ಸಂಜೆ ಇಮಾಮಸಾಬ ಗೋಡೆಯಿಂದ ಕಿವಿ ತೆಗೆದು ತಲೆ ಕೆರೆದುಕೊಂಡ.

"ಮಾಳವ್ವ, ಕೊನೇ ಹೆಜ್ಜಿ ಎಲ್ಲಿ ಬೀಳಾಕತ್ತೈತಿ?"

"ಕಲ್ಲಿನ ಸರೀಕ." ಚಿಮ್ಮುವ ಜಾಗ ತಪ್ಪಬಾರದೆಂದು ಓಟದ ದಾರಿಯ ಪಕ್ಕ ಎಲ್ಲರೂ ಒಂದು ಗುರುತಿನ ಕಲ್ಲು ಇಟ್ಟುಕೊಂಡಿರುತ್ತಾರೆ.

"ಕಲ್ಲು ಎಲ್ಲೈತಿ?"

"ಇಟ್ಟಲ್ಲೇ ಐತಿ."

"ಇಲ್ಲ. ಮೊನ್ನಿಗಿಂತ ನಿನ್ನಿ ಸಪ್ಪಳ ದೂರ ಇತ್ತು, ನಿನ್ನಿಗಿಂತ ಇವತ್ತ ದೂರ ಐತಿ. ಗೋಡಿ ಬೆಳಿಯೂದು ನಾ ನೋಡೇನಿ. ನಿಮ್ಮ ಕೇರ್ಯಾಗ ಕಲ್ಲು ನಡೀತಾವೇನು?"



ಮಾಳವ್ವ ಕಲ್ಲಿನ ಹತ್ತಿರ ಹೋಗಿ ನೋಡಿದಳು. ಸುತ್ತಲ ಮಣ್ಣು ಒಣಗಿ ಬಿರಿದಿದ್ದರೆ ಕಲ್ಲಿನ ಬುಡದ್ದು ಮಾತ್ರ ಸಡಿಲವಾಗಿತ್ತು. ಮುಂದೆ ಎರಡು ಗೇಣಿನ ದೂರದಲ್ಲಿ, ಮೊದಲು ಕಲ್ಲು ಕೂತಿದ್ದ ಕಡೆ, ಅಂಗೈಯಗಲದ ತಗ್ಗನ್ನು ಯಾರೋ ಮಣ್ಣು ಹಾಕಿ ತಟ್ಟಿ ಸಮ ಮಾಡಿದ್ದರು. ಕಲ್ಲನ್ನು ಗೋಡೆಯಿಂದ ಹಿಂದಕ್ಕೆ ಸರಿಸಿದರೆ ಹಾರುವವರು ದೂರದಿಂದಲೇ ಚಿಮ್ಮುತ್ತಾರೆ, ಕೋಲು ನೆಟ್ಟಗಾಗುವುದಿಲ್ಲ. ಹಾರುವುದು ಗೊತ್ತಿದ್ದವರಿಗೆ ಮಾತ್ರ ಹೊಳೆಯುವ ಕೆಲಸ ಅದು.

ಮರುದಿನ ಮಧ್ಯಾಹ್ನ ಕೂಸು ಮಲಗಿದ ಮೇಲೆ ನೀಲವ್ವ ತೊಯ್ದ ಬಟ್ಟೆ ಹರವುತ್ತೇನೆಂದು ಹೊರಗೆ ಹೋದಳು. ಮಾಳವ್ವ ಸ್ವಲ್ಪ ತಡೆದು ಹಿಂದೆ ಹೋದಳು. ಬಟ್ಟೆಯ ಬುಟ್ಟಿ ಬೇಲಿಯ ಹತ್ತಿರವಿತ್ತು. ನೀಲವ್ವ ಓಟದ ದಾರಿಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು, ಎರಡೂ ಅಂಗೈಯಿಂದ ಕಲ್ಲನ್ನು ಹಿಂದಕ್ಕೆ ದೂಡುತ್ತಿದ್ದಳು. ತಾಯಿಯ ನೆರಳು ಬಿದ್ದಾಗಲೂ ಏಳಲಿಲ್ಲ.

"ಒಳಗ ನಡಿ. ಹಸೀ ಮೈ, ಬಿಸಿಲಿಗೆ ಕೂಡಬಾರದು," ಅಂದಳು ಮಾಳವ್ವ.

"ನೀ ಬೀಳತಿ," ಅಂದಳು ನೀಲವ್ವ.

"ದಿನಾ ಬಿದ್ದೇನಿ. ನೀನ ಬೀಳಿಸಿದಿ."

"ಅದು ಕೆಳಗಿಂದ ಕೆಳಗ ಬೀಳೂದು. ನೆತ್ತಿ ಮ್ಯಾಲಿಂದ ಬಿದ್ರ ಬ್ಯಾರೆ. ಹೆಂಗಿರ್ತೈತಿ ಅಂತ ನಂಗ ಗೊತ್ತೈತಿ, ನಿಂಗ ಗೊತ್ತಿಲ್ಲ."

ಮಾಳವ್ವ ಅವಳ ಪಕ್ಕಕ್ಕೆ ಕೂತಳು. ಬೀಳುವುದರ ಬಗ್ಗೆ ಮಗಳು ಮಾತೆತ್ತಿದ್ದು ಅದೇ ಮೊದಲು. ಕೋಲು ನಿಂತಾಗ ಆಚೆ ತವರಿನ ಮಾಡು ಕಾಣುತ್ತಿತ್ತಂತೆ, ಮಾಡಿನ ಮೇಲೆ ಒಣಹಾಕಿದ ನೀಲಿ ನೂಲು ಕಾಣುತ್ತಿತ್ತಂತೆ, ಕೈ ಚಾಚಿದರೆ ಸಿಗುವ ಹಾಗೆ. ಇಷ್ಟನ್ನು ನೀಲವ್ವ ಕಲ್ಲಿಗೆ ಹೇಳುವಂತೆ ಹೇಳಿದಳು.

"ಅಪ್ಪಗ ಬಾನಿ ಅದಾವು," ಅಂದಳು ಆಮೇಲೆ. "ಇಷ್ಟು ದಿನ ಇದ್ದಾನ, ಇನ್ನೂ ಇರ್ತಾನ. ನೀ ಈಗ ಹೋದ್ರ ಮತ್ತ ಬರೂದಿಲ್ಲ. ಮುಂದಿನ ಮಳಿಗೆ ಗೋಡಿ ಏಳತೈತಿ. ನೀ ಎಷ್ಟು ಮೊಳ ಅಂತ ಹಿಡೀತಿ, ಅವ್ವ?"

  ಮಗಳು ಹೇಳಿದ್ದು ನಿಜ. ಒಂಬತ್ತು ಮೊಳದ ಕೋಲು ಕೊಡುವುದು ಹೆಚ್ಚೆಂದರೆ ಒಂದು ಸಲದ ದಾರಿ. ಅದು ಗೊ‌ತ್ತಿದ್ದೇ ಅವಳು ಓಡುತ್ತಿದ್ದಳು. ಗೊತ್ತಿಲ್ಲವೆಂಬಂತೆ ಇದ್ದಳು ಅಷ್ಟೆ.

"ಈ ಕಲ್ಲಿನ ಮ್ಯಾಲ ನಂಗ ನಂಬಿಕಿ ಹೋತು," ಅಂದಳು ಕೊನೆಗೆ. "ನಾಳಿ ನೀನ ಬಂದು ನಿಂದ್ರು. ನಿನ್ನ ಕಾಲು ನೋಡಿ ಚಿಮ್ಮತೇನಿ."

"ನಾ ಹಿಂದ ನಿಂತ್ರ?"

"ಹಿಂದ ಚಿಮ್ಮತೇನಿ. ಬೀಳತೇನಿ. ನೀ ಎಲ್ಲಿ ನಿಂದ್ರತಿ ಅಲ್ಲೇ."

ನೀಲವ್ವ ಎದ್ದು ಹೋಗಿ ಬಟ್ಟೆ ಹರವಿದಳು. ಮಾಳವ್ವ ಕಲ್ಲನ್ನು ಎತ್ತಿ ಬೇಲಿಯಾಚೆ ಒಗೆದಳು.

ಮರುದಿನ ಸಂಜೆ ಕಲ್ಲೇಶಿ ಕೂಸನ್ನು ಎತ್ತಿಕೊಂಡು ದೂರ ನಿಂತಿದ್ದ. ನೀಲವ್ವ ತಲೆಗೆ ಬಟ್ಟೆ ಕಟ್ಟಿಕೊಂಡು ಬಂದು ದಾರಿಯ ಪಕ್ಕ ನಿಂತಳು. ಕಲ್ಲು ನಿನ್ನೆ ಇದ್ದ ಕಡೆಯೇ, ಹಿಂದೆಯೇ. ಮಾಳವ್ವ ನೋಡಿದಳು. ಓಡಿ ಬಂದು ಮಗಳ ಪಾದದ ಸರಿಗೆ ಕಾಲು ಇಟ್ಟು ಚಿಮ್ಮಿದಳು. ಕೋಲು ಅರ್ಧಕ್ಕೆ ಬಂದು ನಿಂತು ಅವಳನ್ನು ಪಕ್ಕಕ್ಕೆ ಎಸೆಯಿತು. ಈಚೆ ನಮಗೆ ಬಿದ್ದ ಸದ್ದು ಕೇಳಿತು. ಇಮಾಮಸಾಬ ನಾಲಿಗೆ ಲೊಚಗುಟ್ಟಿದ. ಯಮನಪ್ಪ ನೀಲಿ ಕೈಗಳನ್ನು ಗೋಡೆಗೆ ಒತ್ತಿಕೊಂಡು ನಿಂತಿದ್ದ.

ಮಾಳವ್ವ ಎದ್ದಳು. ಮೊಣಕೈಯ ರಕ್ತ ಒರೆಸಿಕೊಂಡು, ಮಗಳ ಕಡೆ ನೋಡದೆ, ಕೋಲು ಎತ್ತಿಕೊಂಡು ಓಟದ ಮೊದಲಿಗೆ ನಡೆದಳು. ತಿರುಗಿ ನಿಂತಾಗ ನೀಲವ್ವ ಜಾಗ ಬದಲಿಸಿದ್ದಳು. ಮುಂದೆ ಬಂದಿದ್ದಳು. ಮೊದಲು ಕಲ್ಲು ಇದ್ದ ಜಾಗವನ್ನೂ ದಾಟಿ ಇನ್ನೂ ಒಂದು ಪಾದದಷ್ಟು ಮುಂದೆ ಬಂದು, ಏರಿನ ನೆಲವನ್ನು ಹೆಬ್ಬೆರಳಿಂದ ಒತ್ತಿ ನೋಡಿ, ಅಲ್ಲಿ ನಿಂತಳು. ಮಾಳವ್ವ ಇಟ್ಟುಕೊಂಡಿದ್ದ ಗುರುತೇ ತಪ್ಪಾಗಿತ್ತು. ಇಷ್ಟು ಉದ್ದದ ಕೋಲು ಅವಳಿಗೆ ಹೊಸದು, ಮೂಡಲಕೇರಿಯ ಸಮನೆಲದ ಲೆಕ್ಕದಲ್ಲಿ ಇಟ್ಟಿದ್ದು ಅದು. ಏರಿಗೆ ಎಲ್ಲಿ ಚಿಮ್ಮಬೇಕೆಂಬುದು ಮದುವೆಯಾದ ವರ್ಷವೆಲ್ಲ ಅಲ್ಲಿಂದ ಹಾರಿದ ಕಾಲಿಗೆ ಗೊತ್ತಿತ್ತು.

"ಕೈ ಲಗೂ ಎತ್ತು," ಅಂದಳು ನೀಲವ್ವ.

ಈ ಸಲದ ಓಟ ನಮಗೂ ಕೇಳಿತು. ಹೆಜ್ಜೆ ಹತ್ತಿರ ಬಂದು, ಹತ್ತಿರ ಬಂದು, ಗೋಡೆಯ ಬುಡಕ್ಕೇ ಬಂದ ಹಾಗೆ ಒಂದು ಗುದ್ದು. ಇಮಾಮಸಾಬ ಸರ್ರನೆ ಕಿವಿ ತೆಗೆದು ಮೇಲೆ ನೋಡಿದ. ಮೊದಲು ಕೋಲಿನ ತುದಿ, ಆಮೇಲೆ ಎರಡು ಪಾದ, ಆಮೇಲೆ ಮಾಳವ್ವ. ನೆತ್ತಿಯ ಮೇಲೆ ಕೋಲು ನಿಂತಂತೆ ಕಂಡಿತು. ನನಗೆ ಹಾಗೆ ಕಂಡಿರಬಹುದು. ಆಮೇಲೆ ಅವಳು ಹುಲ್ಲಿನ ಮೇಲೆ ಬಿದ್ದಿದ್ದಳು.

ಯಮನಪ್ಪ ಕುಂಟುತ್ತ ಹೋಗಿ ಅವಳ ಮುಂದೆ ನಿಂತ. "ಕೈ ಕಾಲು ಆಡಸು," ಅಂದ. ಅವಳು ಆಡಿಸಿ ತೋರಿಸಿದಳು. ಅವನು ಕೈಕೊಟ್ಟು ಎಬ್ಬಿಸಿದ. ಅವಳ ಅಂಗೈಗೆ ಸ್ವಲ್ಪ ನೀಲಿ ಹತ್ತಿತು.

"ಅವ್ವಾ, ಮುಟ್ಟಿದಿ?" ಆಚೆಯಿಂದ ಕೂಗು ಬಂತು.

"ಮುಟ್ಟಿದೆ. ಕೋಲು?"

"ಹಿಡದೇನಿ. ನೆಲಕ್ಕ ಬಿಟ್ಟಿಲ್ಲ."

ಮುಂದಿನ ಮಳೆಗೆ ಗೋಡೆ ಎರಡು ಬೆರಳು ಬೆಳೆಯಿತು. ಹೋದರೆ ಆ ಏರಿನಿಂದ ತಿರುಗಿ ಬರಲೂ ಆಗಬೇಕೆಂದು ಮಾಳವ್ವ ಇಮಾಮಸಾಬನಿಂದ ಹತ್ತು ಮೊಳದ್ದು ತಂದಳು. ಒಣಗಾಲವೆಲ್ಲ ಓಡಿದಳು. ಹತ್ತು ಮೊಳದ ಬಿದಿರು ಅವಳ ಮುಷ್ಟಿಗೆ ದಪ್ಪ, ತೋಳಿಗೆ ಭಾರ. ಕೈ ಎತ್ತುವ ಹೊತ್ತಿಗೆ ಗೋಡೆ ಬಂದುಬಿಡುತ್ತಿತ್ತು. ಯಾರೂ ಬೇಡ ಅನ್ನಲಿಲ್ಲ. ಒಂದು ಬೆಳಿಗ್ಗೆ ಅವಳೇ ಅದನ್ನು ಇಮಾಮಸಾಬನ ಅಂಗಳದಲ್ಲಿ ಇಟ್ಟು ಬಂದಳು. ನಾನು ಬೆಲ್ಲ ಕೊಬ್ಬರಿ ಒಯ್ದೆ. ಬೆಲ್ಲವನ್ನು ಚಹಾಕ್ಕೆ ಹಾಕಿದಳು, ಕುಡಿದೆವು. ಅಳುತ್ತಾಳೇನೋ ಅಂದುಕೊಂಡಿದ್ದೆ, ಅಳಲಿಲ್ಲ. ಸಂಜೆ ಗೋಡೆಯ ಹತ್ತಿರ ಹೋಗಿ ಮಗಳೊಡನೆ ಮಾತಾಡುತ್ತಾಳೆ. ಕೂಸಿಗೆ ಹಲ್ಲು ಬಂದದ್ದು, ಅಂಬೆಗಾಲಿಟ್ಟದ್ದು ಎಲ್ಲ ಹಾಗೆ ಗೊತ್ತಾಯಿತು. ಒಮ್ಮೆ ಕೂಸನ್ನೇ ಗೋಡೆಗೆ ಹತ್ತಿರ ಹಿಡಿದಿದ್ದರು. ಅದು ಗೋಡೆಯನ್ನು ಅಂಗೈಯಲ್ಲಿ ಬಡಿಯುವ ಸದ್ದು ಬಂತು. ಯಮನಪ್ಪ ಈಚೆಯಿಂದ ಬಡಿದ.

ಹೀಗೆ ಇನ್ನೊಂದು ಮಳೆಗಾಲವೂ ಕಳೆಯಿತು. ಒಂದು ದಿನ ಬಿಸಿಲಿಳಿಯುವಾಗ ಇಮಾಮಸಾಬ ಬಂದು ನನ್ನನ್ನೂ ಮಾಳವ್ವನನ್ನೂ ಕರೆದ. ಕಿವಿ ಇಡ್ರಿ ಅಂದ. ಇಟ್ಟೆವು. ಆಚೆ ಯಾರೋ ಓಡುತ್ತಿದ್ದರು. ಸ್ವಲ್ಪ ಓಡಿ ನಿಲ್ಲುವುದು, ಹಿಂದೆ ಹೋಗುವುದು, ಮತ್ತೆ ಓಡುವುದು.

"ಎಡಗಾಲು ಸ್ವಲ್ಪ ಭಾರ ಹಾಕತಾಳ," ಅಂದ ಇಮಾಮಸಾಬ. "ಮೊದಲಿಂದನೂ ಹಂಗ."

ಮಾಳವ್ವ ಬಾಯಿ ತೆರೆದವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನ್ನ ಕಡೆ ತಿರುಗಿ ಕೈಸನ್ನೆ ಮಾಡಿದಳು, ಕೂಗಬೇಡ ಎಂದು.

"ಯಾವ ಕೋಲದು?" ಅಂತ ಪಿಸುಗುಟ್ಟಿದಳು.

"ಸಣ್ಣದು. ಐದು ಮೊಳ ಇದ್ದೀತು. ಊರಾಕತ್ತಿಲ್ಲ, ಬರೇ ಹಿಡದು ಓಡಾಕತ್ತಾಳ."

ಐದು ಮೊಳದ ಕೋಲು ಮಕ್ಕಳು ಕಲಿಯುವ ಕೋಲು. ಗೋಡೆಯ ನೆತ್ತಿಯ ಹತ್ತಿರಕ್ಕೂ ಬರುವುದಿಲ್ಲ. ಅಲ್ಲಿಂದ ಆರು, ಏಳು, ಎಂಟು ಎಂದು ಏರಿ ಬರಬೇಕು. ಅಷ್ಟರಲ್ಲಿ ಗೋಡೆಯೂ ಸುಮ್ಮನಿರುವುದಿಲ್ಲ.  ಆಚೆಯ ಹೆಜ್ಜೆ ಇನ್ನೊಮ್ಮೆ ಹತ್ತಿರ ಬಂದು ನಿಂತಿತು.

ಮಾಳವ್ವ ಗೋಡೆಯಿಂದ ಸರಿದು ಮನೆಯೊಳಗೆ ಹೋದಳು. ತಿರುಗಿ ಬಂದಾಗ ತಲೆಯ ಮೇಲೆ ಹೊಸ ಹುಲ್ಲಿನ ಹೊರೆಯಿತ್ತು. ಮೆತ್ತೆಯ ಹಳೆಯ ಹುಲ್ಲನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ ಹೊಸದನ್ನು ಬಿಚ್ಚಿ ಹರಡತೊಡಗಿದಳು.

"ಇನ್ನ ಮೂರು ವರ್ಷ ಬೇಕು ಅಕಿಗೆ, ಕಡಿಮಿ ಅಂದ್ರ," ಅಂದ ಇಮಾಮಸಾಬ.

"ಹಳೇದು ಕೊಳತಿತ್ತು," ಅಂದಳು ಮಾಳವ್ವ, ತಲೆ ಎತ್ತದೆ. "ಹೆಂಗೂ ತೆಗೀಬೇಕಿತ್ತು."